ಎಲೆಕ್ಟ್ರಿಕ್ ಆಟೊ ಬಂದರೆ ಹೊಗೆ ಬೆಂಗಳೂರು ಬಿಟ್ಟು ರಾಯಚೂರು ಸೇರುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಆಟೊಗಳು ಈಗಾಗಲೇ ಗ್ಯಾಸಿನಲ್ಲಿ ಓಡುತ್ತಿವೆ. ಅವನ್ನು ವಿದ್ಯುತ್ತಿಗೆ ಬದಲಾಯಿಸಿದರೆ ಗಾಳಿ ನಿಜಕ್ಕೂ ಶುದ್ಧವಾಗುತ್ತದೆಯೇ? ಇಲ್ಲಿನ ಹೊಗೆ ಕಲ್ಲಿದ್ದಲು ಉರಿಸುವ ಊರಿಗೆ ಹೋಗುತ್ತದೆ, ಅಷ್ಟೇ ಅಲ್ಲವೇ?

ಉತ್ತರ: ಬೆಂಗಳೂರಿನ ಗಾಳಿಗೆ ಇದರಿಂದ ಪ್ರಯೋಜನವಿರುವುದು ಖಚಿತ. ಆದರೆ ಪ್ರಶ್ನೆಯ ಎರಡನೆಯ ಭಾಗವನ್ನು ತಳ್ಳಿಹಾಕುವಂತಿಲ್ಲ. ಕಲ್ಲಿದ್ದಲು ಉರಿಸುವ, ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತ ಬದುಕುವವರ ಉಸಿರಿಗೂ ಅಷ್ಟೇ ಬೆಲೆಯಿದೆ.

ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಉರಿಸುತ್ತಿದ್ದ ಟೂ ಸ್ಟ್ರೋಕ್ ಆಟೊಗಳಿಗೆ ಹೋಲಿಸಿದರೆ ಗ್ಯಾಸ್ ಆಟೊ ಎಷ್ಟೋ ವಾಸಿ. ಹಾಗೆಂದು ಅದರ ಹೊಗೆ ನಿರಪಾಯಕಾರಿಯಲ್ಲ. ಅದರಲ್ಲಿ ನೈಟ್ರೋಜನ್ ಆಕ್ಸೈಡುಗಳಿರುತ್ತವೆ. ಪಿಸ್ಟನ್ ರಿಂಗ್ ಸವೆದ ಎಂಜಿನ್ ಆಗಿದ್ದರೆ ಎಂಜಿನ್ ಆಯಿಲ್ ಸಹ ಒಳಗೆ ಸೇರಿ ಉರಿದು, ನೀಲಿ ಹೊಗೆಯಾಗಿ ಹೊರಬರುತ್ತದೆ. ಸಿಲ್ಕ್ ಬೋರ್ಡ್‌ನಂತಹ ಕಡೆ ವಾಹನಗಳು ಎಂಜಿನ್ ಆರಿಸದೆ ನಿಂತಾಗ ಈ ಹೊಗೆ ಬರುವುದು ಪಾದಚಾರಿಗಳ, ಸಂಚಾರ ಪೊಲೀಸರ ಮತ್ತು ದಿನವಿಡೀ ರಸ್ತೆಯಲ್ಲೇ ಇರುವ ಆಟೊ ಚಾಲಕರ ಮೂಗಿನ ಮಟ್ಟದಲ್ಲಿಯೇ. ಎಲೆಕ್ಟ್ರಿಕ್ ಆಟೊಗೆ ಹೊಗೆ ಕೊಳವೆಯೇ ಇಲ್ಲ. ನಿಂತಾಗ ಅದರ ಮೋಟಾರ್ ಇಂಧನವನ್ನು ಪೋಲು ಮಾಡುವುದೂ ಇಲ್ಲ. ಟೈರಿನ ಸವೆತ ಮತ್ತು ರಸ್ತೆಯ ಧೂಳು ಮಾತ್ರ ಹಾಗೆಯೇ ಉಳಿಯುತ್ತವೆ. ಬೆಂಗಳೂರಿನಲ್ಲಿ ಧೂಳಿನ ಪಾಲು ಸಣ್ಣದಲ್ಲವಾದ್ದರಿಂದ ಆಟೊ ಬದಲಾದ ಮಾತ್ರಕ್ಕೆ ಇಡೀ ನಗರದ ಗಾಳಿ ತಿಳಿಯಾಗುತ್ತದೆಂದು ಯಾರೂ ಭರವಸೆ ಕೊಡಬಾರದು.

ಇನ್ನು ವಿದ್ಯುತ್ತಿನ ಮೂಲದ ವಿಚಾರ. ಕರ್ನಾಟಕದಲ್ಲಿ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ಸ್ಥಾವರಗಳ ಜೊತೆಗೆ ಶರಾವತಿಯ ಜಲವಿದ್ಯುತ್ತಿದೆ, ಚಿತ್ರದುರ್ಗ ಮತ್ತು ಗದಗದ ಗಾಳಿಯಂತ್ರಗಳಿವೆ, ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಹೀಗಾಗಿ ಆಟೊವನ್ನು ಎಷ್ಟು ಹೊತ್ತಿಗೆ ಚಾರ್ಜಿಗೆ ಹಾಕುತ್ತೇವೆ ಎಂಬುದೇ ಇಲ್ಲಿ ಮುಖ್ಯವಾಗುತ್ತದೆ. ಬಹುಪಾಲು ಚಾಲಕರು ದುಡಿಮೆ ಮುಗಿಸಿ ರಾತ್ರಿ ಪ್ಲಗ್ ಹಾಕುತ್ತಾರೆ. ಆಗ ಸೌರ ವಿದ್ಯುತ್ ಇರುವುದಿಲ್ಲ, ಕಲ್ಲಿದ್ದಲಿನ ಮೇಲಿನ ಅವಲಂಬನೆ ಹೆಚ್ಚುತ್ತದೆ. ಬಾಡಿಗೆ ಕಡಿಮೆಯಿರುವ ಮಧ್ಯಾಹ್ನದ ಊಟದ ವೇಳೆಯಲ್ಲಿ ಒಂದೆರಡು ಗಂಟೆ ಚಾರ್ಜ್ ಮಾಡಲು ಸಾಧ್ಯವಾದರೆ ಅದೇ ಆಟೊ ಹೆಚ್ಚಾಗಿ ಬಿಸಿಲಿನ ಬಲದಿಂದ ಓಡಬಲ್ಲದು, ರಾಯಚೂರಿನ ಮೇಲಿನ ಹೊರೆಯೂ ತಗ್ಗುತ್ತದೆ.

ಆದರೆ ಮಧ್ಯಾಹ್ನ ಚಾರ್ಜ್ ಮಾಡುವುದೆಲ್ಲಿ? ವಠಾರದ ಬಾಡಿಗೆ ಮನೆಯಲ್ಲಿರುವ ಚಾಲಕನಿಗೆ ರಾತ್ರಿಯೂ ಸ್ವಂತ ಮೀಟರ್, ಆಟೊ ನಿಲ್ಲಿಸುವ ಜಾಗ, 15 ಆಂಪಿಯರ್ ಪ್ಲಗ್ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಸಾಲದ ಕಂತು ಕಟ್ಟುತ್ತಿರುವವನು ಚಾರ್ಜಿಂಗ್ ಕೇಂದ್ರ ಹುಡುಕಿಕೊಂಡು ಐದಾರು ಕಿಲೋಮೀಟರ್ ಖಾಲಿ ಓಡಿಸಲಾರ. ಎಲೆಕ್ಟ್ರಿಕ್ ವಾಹನ ನೀತಿಯನ್ನು 2017ರಲ್ಲಿಯೇ ಪ್ರಕಟಿಸಿದ ರಾಜ್ಯ ನಮ್ಮದು. ಖರೀದಿಗೆ ಕೊಡುವ ಸಹಾಯಧನದಷ್ಟೇ ಆಸ್ಥೆಯಿಂದ ಮೆಟ್ರೊ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಬಳಿಯ ಆಟೊ ಸ್ಟ್ಯಾಂಡುಗಳಲ್ಲಿಯೇ ಚಾರ್ಜಿಂಗ್ ವ್ಯವಸ್ಥೆ ಮಾಡಬೇಕು. ಹಗಲಿನ ದರವನ್ನು ರಾತ್ರಿಯ ದರಕ್ಕಿಂತ ಕಡಿಮೆ ಇಡಬೇಕು.