ಕಾಂತೀನಾ: ನಮ್ಮ ಕ್ಯಾಂಟೀನಿನ ಕುಡುಕ ದಾಯಾದಿ

ಸ್ಪೇನಿನ ರೈಲು ನಿಲ್ದಾಣದಲ್ಲಿ ‘ಕಾಂತೀನಾ’ ಎಂಬ ಫಲಕ ಕಂಡರೆ ಒಳಗೆ ಕಾಫಿ, ತಿಂಡಿ, ಬೇಕಾದವರಿಗೆ ಬಿಯರ್ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡೇ ಹೋಗಬಹುದು. ಮೆಕ್ಸಿಕೋದಲ್ಲಿ ಅದೇ ಫಲಕವಿದ್ದರೆ ಅದು ಅಪ್ಪಟ ಕುಡಿಯುವ ಜಾಗ. ಕೊಲಂಬಿಯಾದ ಹಳ್ಳಿಗಳಲ್ಲಿ ಹಾಲು ಸಾಗಿಸುವ ಕ್ಯಾನಿಗೂ ಇದೇ ಹೆಸರು!

ಇಟಲಿಯಲ್ಲಿ ಕಾಂತೀನಾ ಎಂದರೆ ವೈನ್ ಇಡುವ ನೆಲಮಾಳಿಗೆ. ಸ್ಪ್ಯಾನಿಷಿಗೆ ಪದ ಬಂದದ್ದು ಅಲ್ಲಿಂದಲೇ. ಇನ್ನೊಂದು ಕವಲು ಫ್ರೆಂಚಿಗೆ ಹೋಗಿ ಸಿಪಾಯಿಗಳಿಗೆ ಕುಡಿತ, ತಿನಿಸು ಮಾರುವ ಅಂಗಡಿಯಾಯಿತು. ಇಂಗ್ಲಿಷಿನ ಮೂಲಕ ನಮಗೆ ‘ಕ್ಯಾಂಟೀನ್’ ಆಗಿ ಸಿಕ್ಕಿತು. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನಿನ 5 ರೂಪಾಯಿ ತಿಂಡಿಗೂ ಮೆಕ್ಸಿಕೋದ ಟಕೀಲಾಗೂ ಹೀಗೆ ಒಂದೇ ಮನೆತನ. ರಮ್ಮು ಮಾರುವ ಮಿಲಿಟರಿ ಕ್ಯಾಂಟೀನಂತೂ ಹಳೆಯ ಅರ್ಥವನ್ನು ಬಿಟ್ಟೇ ಇಲ್ಲ.

ಮೆಕ್ಸಿಕೋದಲ್ಲಿ ಕಾಂತೀನಾಕ್ಕಿಂತ ಹಳೆಯದು ‘ಪುಲ್ಕೆರೀಯಾ’. ಇದನ್ನು ಧೈರ್ಯವಾಗಿ ಕಳ್ಳಂಗಡಿ ಎನ್ನಬಹುದು. ಎಂಟು-ಹತ್ತು ವರ್ಷ ಬಲಿತ ಕತ್ತಾಳೆ ಹೂಗೊಂಚಲು ಬಿಡುವ ಮುನ್ನ ಅದರ ನಡುತಿರುಳನ್ನು ಕೊರೆದು, ಅಲ್ಲಿ ಜಿನುಗುವ ಸಿಹಿರಸವನ್ನು ದಿನಕ್ಕೆ ಎರಡು ಹೊತ್ತು ಎತ್ತುತ್ತಾರೆ. ಹುಳಿಯೇರಿದರೆ ಅದೇ ಪುಲ್ಕೆ: ಬಿಳಿ, ಲೋಳೆಲೋಳೆ, ಬಿಯರಿನಷ್ಟೇ ಅಮಲು. ನಮ್ಮ ಕಳ್ಳಿನಂತೆ ಇದೂ ಹುಳಿಯೇರುತ್ತಲೇ ಹೋಗುತ್ತದೆ, ಇಟ್ಟರೆ ಕೆಡುತ್ತದೆ. ಹಾಗಾಗಿ ತಂದದ್ದನ್ನು ಬೇಗ ಖಾಲಿ ಮಾಡುವ ಅಂಗಡಿಯೇ ಬೇಕಿತ್ತು.

ಬಾಟಲಿಯಲ್ಲಿಟ್ಟರೂ ಕೆಡದ ಟಕೀಲಾ, ಬ್ರಾಂಡಿ, ಬಿಯರ್ ಕಾಂತೀನಾದ ಸರಕು. ಉದ್ದನೆಯ ಮರದ ಕಟ್ಟೆ, ಹಿಂದೆ ಕನ್ನಡಿ, ತಳ್ಳಿದರೆ ಎರಡೂ ಕಡೆ ಆಡುವ ಅರೆಬಾಗಿಲು, ಮೇಜಿನ ಮೇಲೆ ಡಾಮಿನೋ ಆಟ: ಇದು ಹಳೆಯ ಕಾಂತೀನಾದ ರೂಪ. ಗುಟ್ಟಿರುವುದು ‘ಬೊತಾನಾ’ದಲ್ಲಿ. ಮಧ್ಯಾಹ್ನದ ಹೊತ್ತು ಪ್ರತಿ ಗ್ಲಾಸಿನ ಜೊತೆ ಬಿಟ್ಟಿ ತಿನಿಸು ಬರುತ್ತದೆ; ಮೊದಲ ಸುತ್ತಿಗೆ ಸೀಗಡಿ ಸಾರಿನಂಥದ್ದು, ಸುತ್ತು ಹೆಚ್ಚಿದಂತೆ ಮಾಂಸದ ತಟ್ಟೆ. ಹೊಸಬರು ಎಡವುವುದು ಇಲ್ಲೇ. ಒಂದೇ ಬಿಯರ್ ಹಿಡಿದು ಗಂಟೆಗಟ್ಟಲೆ ಕೂತರೆ ಎರಡನೆಯ ತಟ್ಟೆ ಬರದು. ತಿಂಡಿಯ ಬೆಲೆ ಗ್ಲಾಸಿನ ಬೆಲೆಯೊಳಗೇ ಸೇರಿರುತ್ತದೆ.

ಮೆಕ್ಸಿಕೋ ನಗರದ 1ನೇ ನಂಬರಿನ ಲೈಸೆನ್ಸ್ ಇದ್ದದ್ದು ರಾಷ್ಟ್ರೀಯ ಅರಮನೆಯ ಪಕ್ಕದ ‘ಎಲ್ ನಿವೆಲ್’ ಕಾಂತೀನಾಕ್ಕೆ. ಅದು 2008ರಲ್ಲಿ ಮುಚ್ಚಿತು. ಹೆಂಗಸರು, ಅಪ್ರಾಪ್ತರು, ಸಮವಸ್ತ್ರದವರು, ಬೀದಿ ಮಾರಾಟಗಾರರು, ನಾಯಿಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಇಂಥ ಬಾಗಿಲುಗಳ ಮೇಲೆ ಮಾಮೂಲಾಗಿತ್ತು. (ಯಾರನ್ನು ಯಾರ ಸಾಲಿಗೆ ಸೇರಿಸಿದ್ದರು ನೋಡಿ.) ಹೆಂಗಸರ ಮೇಲಿನ ನಿರ್ಬಂಧ ನಗರದಲ್ಲಿ ತೆರವಾದದ್ದು 1980ರ ದಶಕದ ಆರಂಭದಲ್ಲಿ. ಆದರೆ ಕಟ್ಟಡಗಳು ಗಂಡಸರಿಗೆಂದೇ ಕಟ್ಟಿದವು. ಕೆಲವು ಹಳೆಯ ಕಾಂತೀನಾಗಳಲ್ಲಿ ಕುಡಿಯುವವರು ಎದ್ದು ಹೋಗದಿರಲೆಂದು ಕಟ್ಟೆಯ ಬುಡದಲ್ಲೇ ಮೂತ್ರದ ಕಾಲುವೆ ಮಾಡಿದ್ದರು. ಹೆಂಗಸರ ಶೌಚಾಲಯಕ್ಕೆ ಆಮೇಲೆ ಜಾಗ ಹುಡುಕಬೇಕಾಯಿತು.