ಜ್ವರದ ಹಸುವಿಗೇ ಮೊದಲು ಸಿಂಪಡಿಸಿ

ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಸಾಕು, ಹಳ್ಳಿಗಳಿಂದ ಒಂದೇ ದೂರು: "ಡಾಕ್ಟರೇ, ನೊಣದ ಔಷಧಿ ಹೊಡೆದಿದ್ದೆವು. ಆದರೂ ಪಕ್ಕದ ಹಸುವಿಗೆ ಕಾಯಿಲೆ ಬಂತು." ಹೋಗಿ ನೋಡಿದರೆ ಚೆನ್ನಾಗಿರುವ ಹಸುಗಳ ಮೈಯೆಲ್ಲ ಔಷಧಿಯಲ್ಲಿ ತೊಯ್ದಿರುತ್ತದೆ. ಜ್ವರ ಬಂದ ಹಸು ಮಾತ್ರ ಅದೇ ಗೋದಲಿಯ ತುದಿಯಲ್ಲಿ ಹನಿಯೂ ಸೋಕದೆ ನಿಂತಿರುತ್ತದೆ. ಯಾಕೆಂದು ಕೇಳಿದರೆ, "ಅದಕ್ಕೆ ಹೇಗೂ ಬಂದಾಗಿದೆಯಲ್ಲ ಸಾರ್, ಔಷಧಿ ಯಾಕೆ ದಂಡ?" ಎನ್ನುತ್ತಾರೆ.

ಈ ಲೆಕ್ಕ ತಲೆಕೆಳಗಾಗಿದೆ. ಎಷ್ಟು ಸಲ ಹೇಳಿದರೂ ಸಾಲದಾಗಿದೆ.

ಕೊಟ್ಟಿಗೆಯ ಕಚ್ಚುವ ನೊಣ ನೋಡಲು ಮನೆನೊಣದಂತೆಯೇ ಇರುತ್ತದೆ. ಆದರೆ ಸೂಜಿಯಂಥ ಸೊಂಡಿಲು ತಲೆಯಿಂದ ಮುಂದಕ್ಕೆ ಚಾಚಿರುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಹೀರುತ್ತವೆ, ಅದೂ ಹೆಚ್ಚಾಗಿ ಮುಂಗಾಲಿನಲ್ಲಿ. ಚುಚ್ಚಿದಾಗ ನೋವಾಗಿ ಹಸು ಕಾಲು ಝಾಡಿಸುತ್ತದೆ. ಅರೆಹೊಟ್ಟೆಯ ನೊಣ ಎದ್ದು ಪಕ್ಕದ ಹಸುವಿನ ಮೇಲೆ ಕೂತು ಊಟ ಮುಗಿಸುತ್ತದೆ. ಸೊಂಡಿಲಿಗೆ ಅಂಟಿದ ಹಸಿ ರಕ್ತ ಆ ಹಸುವಿನ ಮೈ ಸೇರುತ್ತದೆ. ರಕ್ತದಲ್ಲಿ ಬೆಳೆಯುವ ಸೂಕ್ಷ್ಮಜೀವಿಯಿಂದ ಬರುವ, ಜ್ವರ ತರಿಸುವ ಸರ್ರಾ ರೋಗ ಹರಡುವುದು ಹೀಗೆ. ಮಳೆಗಾಲದ ದೊಡ್ಡ ಕುದುರೆನೊಣ ಈ ಕೆಲಸದಲ್ಲಿ ಇನ್ನೂ ಮುಂದು. ರೋಗಾಣು ನೊಣದೊಳಗೆ ಬೆಳೆಯುವುದಿಲ್ಲ, ಸೊಂಡಿಲಿನಲ್ಲಿ ಹೆಚ್ಚು ಹೊತ್ತು ಬದುಕುವುದೂ ಇಲ್ಲ.

ನೊಣಕ್ಕೆ ಹೊಡೆಯುವ ಔಷಧಿ ಡೆಲ್ಟಾಮೆಥ್ರಿನ್ ಆಗಲಿ ಸೈಪರ್‌ಮೆಥ್ರಿನ್ ಆಗಲಿ, ನೊಣ ಮೈಮೇಲೆ ಕೂತು ಕಾಲಿಗೆ ಔಷಧಿ ತಗುಲಿದ ಮೇಲಷ್ಟೇ ಕೆಲಸ ಮಾಡುತ್ತವೆ. ರೋಗ ಹೊತ್ತು ಬಂದ ನೊಣ ನಿಮ್ಮ ಚೆನ್ನಾಗಿರುವ ಹಸುವಿನ ಮೇಲೆ ಸತ್ತೇ ಹೋಯಿತೆನ್ನಿ. ಸಾಯುವ ಮೊದಲು ಚುಚ್ಚಿಯಾಗಿರಬಹುದು. ಅದೇ ಔಷಧಿ ಜ್ವರದ ಹಸುವಿನ ಮೈಮೇಲಿದ್ದರೆ ನೊಣ ಇನ್ನೊಂದನ್ನು ಕಚ್ಚುವ ಮೊದಲೇ ಸೋಲುವ ಸಂಭವ ಹೆಚ್ಚು. ಅದಕ್ಕೇ ಮೊದಲ ಸಿಂಪಡಣೆ ರೋಗಿಗೆ, ಬೆನ್ನಿನ ಜೊತೆಗೆ ಹೊಟ್ಟೆಯ ಅಡಿಗೂ ಕಾಲುಗಳಿಗೂ. ಆಮೇಲೆ ಉಳಿದವಕ್ಕೆ. ಉಳಿದವನ್ನು ಬಿಡಬೇಡಿ, ಮೇಲ್ನೋಟಕ್ಕೆ ಗಟ್ಟಿಮುಟ್ಟಾದ ಎಮ್ಮೆಯ ರಕ್ತದಲ್ಲೂ ಸರ್ರಾ ಅಡಗಿರಬಹುದು.

ರೋಗಾಣು ಸೊಂಡಿಲಿನಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲವಾದ್ದರಿಂದ ಜ್ವರದ ಹಸುವನ್ನು ದೂರ ಕಟ್ಟುವುದೂ ಔಷಧಿಯಷ್ಟೇ ಮುಖ್ಯ. ಅಂಗಳದ ಇನ್ನೊಂದು ಮೂಲೆ ದೂರವಲ್ಲ. ಹೊಲದ ಆಚೆ ಬದುವಿನಲ್ಲಿ, ನೆರಳಿರುವ ಕಡೆ ಕಟ್ಟಿ. ಇದಕ್ಕೆ ಜನ ಒಪ್ಪದಿರುವುದು ಸೋಮಾರಿತನದಿಂದಲ್ಲ, ಒಂಟಿಯಾದ ಹಸು ರಾತ್ರಿಯೆಲ್ಲ ಕೂಗುತ್ತದೆಂಬ ಸಂಕಟದಿಂದ. ಒಬ್ಬ ಅಜ್ಜಿ ಮಕ್ಕಳ ಗೊಣಗಾಟ ಕೇಳದೆ ಜ್ವರದ ಎಮ್ಮೆಯನ್ನು ಹುಣಸೆಮರಕ್ಕೆ ಕಟ್ಟಿ, ತಾವೂ ಅಲ್ಲೇ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿದರು. ಕೊಟ್ಟಿಗೆಯ ಉಳಿದ ಎಮ್ಮೆಗಳಿಗೆ ಕಾಯಿಲೆ ಬರಲಿಲ್ಲ. ಒಂದು ಮನೆಯ ಅನುಭವದಿಂದ ಏನೂ ಸಾಬೀತಾಗದು, ಆದರೂ ಆ ಅಜ್ಜಿಯ ಮೇಲೆ ನನಗೆ ಬಹಳ ಗೌರವ.

2022ರಲ್ಲಿ ನಮ್ಮ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗದ ವಿಷಯದಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಅದರ ವೈರಾಣು ಸೊಳ್ಳೆಯಲ್ಲಿ ಕೆಲವು ದಿನ ಉಳಿಯಬಲ್ಲದೆಂದು ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿ ದೂರ, ಔಷಧಿ ಎರಡೂ ಬೇಕು, ಆದರೆ ಸಾಲವು. "ಔಷಧಿ ಹೊಡೆದಿದ್ದೇವೆ, ಲಸಿಕೆ ಬೇಡ" ಎನ್ನುವವರಿಗೆ ನನ್ನ ಉತ್ತರ ಒಂದೇ, ಲಸಿಕೆ ಹಾಕಿಸಿ. ಸರ್ರಾಕ್ಕೆ ಲಸಿಕೆಯಿಲ್ಲ, ಜ್ವರ ಮರಳಿ ಮರಳಿ ಬಂದರೆ, ಹಾಲು ಇದ್ದಕ್ಕಿದ್ದಂತೆ ಇಳಿದರೆ ರಕ್ತ ಪರೀಕ್ಷೆ ಮಾಡಿಸಿ.

ಹತ್ತಿಗೆ ತಂದ ಕೀಟನಾಶಕವನ್ನು ದಯವಿಟ್ಟು ಹಸುವಿನ ಮೈಗೆ ಹಚ್ಚಬೇಡಿ. ಜೊಲ್ಲು ಸುರಿಸುತ್ತ, ನಡುಗುತ್ತ ಬಿದ್ದ ಹಸುವಿಗೆ ನಡುರಾತ್ರಿ ವಿಷ ಇಳಿಸುವ ಅಟ್ರೋಪಿನ್ ಚುಚ್ಚುವ ಪಾಡು ನನಗೂ ಬೇಡ, ನಿಮಗೂ ಬೇಡ. ಪಶುಗಳಿಗೆಂದೇ ಇರುವ ಔಷಧಿಯನ್ನು ಬಾಟಲಿಯ ಮೇಲಿರುವ ಅಳತೆಯಲ್ಲೇ ಬೆರೆಸಿ, ಹಾಲು ಎಷ್ಟು ದಿನ ಬಳಸಬಾರದೆಂದು ನಿಮ್ಮ ವೈದ್ಯರನ್ನು ಕೇಳಿ. ಗಂಜಲದಲ್ಲಿ ನೆಂದ ಹುಲ್ಲು, ಸಗಣಿ ಕೊಟ್ಟಿಗೆಯ ಮೂಲೆಯಲ್ಲಿ ಕೊಳೆಯುತ್ತಿದ್ದರೆ ಎರಡು ಮೂರು ವಾರಕ್ಕೆ ಹೊಸ ನೊಣಗಳು ಏಳುತ್ತವೆ. ಅದನ್ನು ಆಗಾಗ ಎತ್ತಿ ಹಾಕಿ. ಉಳಿದ ದ್ರಾವಣವನ್ನು ಕೆರೆ, ಕಾಲುವೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಬೆಕ್ಕಿಗೂ ಇದು ವಿಷ, ಔಷಧಿ ಒಣಗುವ ತನಕ ಅದನ್ನು ಕೊಟ್ಟಿಗೆಯೊಳಗೆ ಬಿಡಬೇಡಿ.