ಎಪಾಕ್ ಸಂಖ್ಯೆಗೆ ಐದೂವರೆ ಗಂಟೆ ಕೂಡಿಸಬೇಕಾ?

ಪ್ರಶ್ನೆ: ತೋಟದ ಪಂಪಿಗೆ ಸಿಮ್ ಹಾಕುವ ಸ್ಟಾರ್ಟರ್ ಇಟ್ಟಿದ್ದೇವೆ. ಅದರ ಲಾಗ್ ಫೈಲಿನಲ್ಲಿ ತಾರೀಕಿನ ಬದಲು 1735682400 ಎಂಬಂತಹ ಸಂಖ್ಯೆಗಳಿವೆ. ಲಿನಕ್ಸಿನಲ್ಲಿ ತಾರೀಕು ಮಾಡುವುದು ಹೇಗೆ? ಭಾರತದ ಸಮಯಕ್ಕೆ 19800, ಅಂದರೆ ಐದೂವರೆ ಗಂಟೆಯ ಸೆಕೆಂಡುಗಳನ್ನು, ಕೂಡಿಸಬೇಕಂತೆ. ಕೂಡಿಸಿದರೆ ಬೆಳಗ್ಗೆ ಒಂಬತ್ತು ಗಂಟೆ ಬರುತ್ತದೆ. ಆದರೆ ಆಗ ನಮ್ಮಲ್ಲಿ ಕರೆಂಟೇ ಇರಲಿಲ್ಲ!
– ಬದಿಯಡ್ಕದ ಓದುಗರು

ಉತ್ತರ: ಕೂಡಿಸಬೇಡಿ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ.

ಮೊದಲು ಕೆಲಸ ಮುಗಿಸೋಣ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಡೇಟ್ ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು ಹೈಫನ್ ಡಿ, ಮತ್ತೆ ಸ್ಪೇಸ್, ಆಮೇಲೆ @1735682400. ಎಂಟರ್ ಒತ್ತಿದರೆ ಆಯ್ತು: 2025ರ ಜನವರಿ 1, ಬುಧವಾರ, ಬೆಳಗಿನ ಜಾವ 3:30. @ ಮರೆತರೆ ತಾರೀಕು ಸರಿ ಇಲ್ಲ ಅಂತ ಬೈಯುತ್ತದೆ. ಮ್ಯಾಕ್‌ನಲ್ಲಾದರೆ ಹೈಫನ್ ಡಿ ಬದಲು ಹೈಫನ್ ಆರ್, @ ಬೇಡ. ತಾರೀಕಿನಿಂದ ಸಂಖ್ಯೆ ಬೇಕಾದರೆ ಲಿನಕ್ಸಿನಲ್ಲಿ ಹೈಫನ್ ಡಿ ಮುಂದೆ ಕೋಟ್ ಒಳಗೆ 2025-01-01 03:30 ಅಂತ ಕೊಟ್ಟು, ಕೊನೆಗೆ ಪ್ಲಸ್, ಪರ್ಸೆಂಟ್, ಸಣ್ಣ ಎಸ್ ಹಾಕಿ. 05/03/2025 ಅಂತ ಮಾತ್ರ ಕೊಡಬೇಡಿ. ನಮಗದು ಮಾರ್ಚ್ 5, ಅದಕ್ಕೆ ಮೇ 3.

ಈಗ ಆ 19800ರ ವಿಷಯ. ಈ ಎಪಾಕ್ ಸಂಖ್ಯೆ ಎಂತ? 1970ರ ಜನವರಿ 1ರಂದು, ಯುಟಿಸಿ (ಇಡೀ ಜಗತ್ತಿಗೆ ಆಧಾರವಾದ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಪ್ರಕಾರ ನಡುರಾತ್ರಿ ಹನ್ನೆರಡರಿಂದ ಎಷ್ಟು ಸೆಕೆಂಡ್ ಕಳೆಯಿತು ಅನ್ನುವ ಲೆಕ್ಕ. ಅಷ್ಟೇ. ಅದಕ್ಕೆ ಊರಿಲ್ಲ, ದೇಶವಿಲ್ಲ. ನಂಬಿಕೆ ಬಾರದಿದ್ದರೆ ದುಬೈಯಲ್ಲಿರುವ ಅಣ್ಣನಿಗೋ ಭಾವನಿಗೋ ಫೋನ್ ಮಾಡಿ. ಕಾಸರಗೋಡಿನಲ್ಲಿ ಅಂಥವರಿಲ್ಲದ ಮನೆ ಹುಡುಕುವುದೇ ಕಷ್ಟ, ಅಲ್ವಾ? ಇಬ್ಬರೂ ಒಟ್ಟಿಗೆ ಡೇಟ್ ಮುಂದೆ ಪ್ಲಸ್, ಪರ್ಸೆಂಟ್, ಎಸ್ ಹಾಕಿ ಎಂಟರ್ ಒತ್ತಿ. ಗೋಡೆ ಗಡಿಯಾರ ಅಲ್ಲಿ ಒಂದೂವರೆ ಗಂಟೆ ಹಿಂದೆ. ಸಂಖ್ಯೆ ಎರಡೂ ಕಡೆ ಒಂದೇ. ನಿಮ್ಮ 1735682400 ಅವರ ಕಂಪ್ಯೂಟರಿನಲ್ಲಿ ರಾತ್ರಿ ಎರಡು ಗಂಟೆ ಅಂತ ಕಾಣುತ್ತದೆ, ನಿಮ್ಮದರಲ್ಲಿ ಮೂರೂವರೆ. ಪಂಪ್ ಶುರುವಾದ ಗಳಿಗೆ ಒಂದೇ.

ಐದೂವರೆ ಗಂಟೆಯನ್ನು ಡೇಟ್ ಕಮಾಂಡ್ ತೋರಿಸುವಾಗ ತಾನೇ ಸೇರಿಸುತ್ತದೆ, ನಿಮ್ಮ ಕಂಪ್ಯೂಟರಿನ ಟೈಮ್ ಝೋನ್ ನೋಡಿಕೊಂಡು. ನೀವು ಮೊದಲೇ 19800 ಕೂಡಿಸಿದರೆ ಎರಡು ಸಲ ಸೇರಿಸಿದ ಹಾಗಾಯ್ತು. ಸಾರಿಗೆ ಅಮ್ಮ ಉಪ್ಪು ಹಾಕಿದ ಮೇಲೆ ಅಕ್ಕನೂ ಹಾಕಿದ ಹಾಗೆ. ಬೆಳಗಿನ ಜಾವ ಓಡಿದ ಪಂಪ್ ನಿಮಗೆ ಒಂಬತ್ತು ಗಂಟೆಗೆ ಕಂಡದ್ದು ಹೀಗೆ.

ಈ ಅಭ್ಯಾಸ ಬಂದದ್ದು ಎಲ್ಲಿಂದ ಅಂತ ನನಗೆ ಗೊತ್ತು: ಎಕ್ಸೆಲ್. ಅಲ್ಲಿ ಸಂಖ್ಯೆಯನ್ನು 86400ರಿಂದ (ಒಂದು ದಿನದ ಸೆಕೆಂಡುಗಳು) ಭಾಗಿಸಿ 25569 (ಎಕ್ಸೆಲ್ ಲೆಕ್ಕದಲ್ಲಿ 1970ರ ಜನವರಿ 1) ಕೂಡಿಸುತ್ತೇವೆ. ಎಕ್ಸೆಲ್‌ಗೆ ಟೈಮ್ ಝೋನ್ ಗೊತ್ತಿಲ್ಲ, ಬರುವುದು ಯುಟಿಸಿ ಸಮಯ. ಅಲ್ಲಿ 19800 ಬೇಕೇ ಬೇಕು. ಅದನ್ನೇ ತಂದು ಟರ್ಮಿನಲ್‌ಗೆ ಅಂಟಿಸಿದರೆ ಹೇಗೆ? ಬಾಡಿಗೆ ಸರ್ವರ್ ಯುಟಿಸಿಯಲ್ಲಿದ್ದು ರಾತ್ರಿ ಹತ್ತು ಗಂಟೆ ತೋರಿಸಿದರೂ ಸಂಖ್ಯೆ ಮುಟ್ಟಬೇಡಿ. ಡೇಟ್ ಅಂತ ಬರೆಯುವ ಮೊದಲು ಟಿಝಡ್=ಏಷ್ಯಾ/ಕೋಲ್ಕತಾ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ಸಾಕು.

ಸಂಖ್ಯೆಯಲ್ಲಿ 13 ಅಂಕಿ ಇದ್ದರೆ ಅದು ಮಿಲಿಸೆಕೆಂಡ್. ಕೊನೆಯ ಮೂರು ತೆಗೆಯಿರಿ. ಇಲ್ಲದಿದ್ದರೆ ಐವತ್ತಾರು ಸಾವಿರ ಚಿಲ್ಲರೆ ಇಸವಿಗೆ ಹೋಗಿ ಕೂರುತ್ತೀರಿ.

ಯಾರೂ ಕೇಳದ ಇನ್ನೊಂದು: ಇದೇ ಕಮಾಂಡಿನಿಂದ ಪತ್ತನಾಜೆ ಯಾವತ್ತು ಅಂತ ತಿಳಿಯಬಹುದಾ? ನೇರವಾಗಿ ಆಗುವುದಿಲ್ಲ. ತುಳುನಾಡಿನಲ್ಲಿ ಕೋಲ, ಯಕ್ಷಗಾನಗಳ ಋತು ಮುಗಿಯುವ ಪತ್ತನಾಜೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಸಾಮಾನ್ಯವಾಗಿ ಮೇ 24ರ ಹೊತ್ತಿಗೆ. ತುಳು ತಿಂಗಳಾಗಲಿ ಕೇರಳದ ಪಂಚಾಂಗವಾದ ಕೊಲ್ಲವರ್ಷದ ತಿಂಗಳಾಗಲಿ ಸೂರ್ಯನ ಸಂಕ್ರಮಣ ನೋಡಿ ಶುರುವಾಗುತ್ತದೆ. ಒಂದು ತಿಂಗಳಿಗೆ 29 ದಿನ, ಇನ್ನೊಂದಕ್ಕೆ 32. ಡೇಟ್ ಕಮಾಂಡಿಗೆ ಸಂಕ್ರಮಣ ಗೊತ್ತಿಲ್ಲ. ನಾನು ಪಂಚಾಂಗ ನೋಡಿ ಹನ್ನೆರಡೂ ತಿಂಗಳು ಶುರುವಾಗುವ ತಾರೀಕನ್ನು ಒಂದು ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಇವತ್ತಿನ ಸಂಖ್ಯೆಯಿಂದ ತಿಂಗಳು ಶುರುವಾದ ದಿನದ ಸಂಖ್ಯೆ ಕಳೆದು, 86400ರಿಂದ ಭಾಗಿಸಿ, ದಶಾಂಶ ಬಿಟ್ಟು ಒಂದು ಕೂಡಿಸಿದರೆ ಇವತ್ತು ಬೇಶ ಎಷ್ಟು ಅಂತ ಬರುತ್ತದೆ. ಇಲ್ಲಿ ಮಾತ್ರ ಕೂಡಿಸಿ, ಅದೂ ಒಂದೇ.